ಇಳಿಜಾರಿನಲ್ಲೂ ಎಡ ಎಡವೇ

ಅಟೋಕ್, ಬೆಂಗೆಟ್
ಭಾನುವಾರ, ಫೆಬ್ರವರಿ 11, 1996

ನನ್ನ ಬಂಗಾರದಂಥ ಅಮ್ಮಾ,

ನಿನ್ನ ಕಾಗದ ತಲುಪಿತು. ಒಂದೋ ಗಾಸ್ಪರ್ ಆ ಯಂತ್ರ ಬಿಡಬೇಕು, ಇಲ್ಲವೇ ನಾನು ಬಾಗಿಯೋಗೆ ನಿನ್ನ ಮನೆಗೆ ವಾಪಸ್ ಬರಬೇಕು ಎಂದು ಬರೆದಿದ್ದೀಯ. ಎರಡೂ ಆಗುವುದಿಲ್ಲ! ಮದುವೆಯಾಗಿ ಐದು ವಾರವಾದರೂ, ಬೆಳಿಗ್ಗೆ ಅವನು ಕಾಫಿ ತಂದುಕೊಟ್ಟರೆ ನನಗೆ ಸುಮ್ಮಸುಮ್ಮನೆ ನಗು ಬರುತ್ತದೆ. ಇಷ್ಟು ಸುಖ ಬಿಟ್ಟು ಬರುತ್ತೇನೆಯೇ?

ಆದರೆ ನಿನ್ನ ಭಯ ಸುಳ್ಳಲ್ಲ. ನಮ್ಮ ಎಲೆಕೋಸು ಬೆಳೆಯುವುದು ಬೆಟ್ಟದ ನೆತ್ತಿಯಲ್ಲಿ, ಲಾರಿ ನಿಲ್ಲುವುದು ತಳದಲ್ಲಿ. ಹೊರೆ ಇಳಿಸುವುದು ಕೈಟ್ರ್ಯಾಕ್ಟರು. ಎರಡು ಚಕ್ರ, ಹಿಂದೊಂದು ಗಾಡಿ, ಬ್ರೇಕ್ ಇಲ್ಲವೇ ಇಲ್ಲ. ಎಡ ಹಿಡಿ ಒತ್ತಿದರೆ ಎಡ ಚಕ್ರಕ್ಕೆ ಎಂಜಿನ್ನಿನ ಹಿಡಿತ ತಪ್ಪಿ ಅದು ಎಡಕ್ಕೆ ತಿರುಗುತ್ತದೆ. ಇಳಿಜಾರಿನಲ್ಲಿ ಮಾತ್ರ ಉಲ್ಟಾ! ಹೊರೆ ಹಿಂದಿನಿಂದ ತಳ್ಳುವುದರಿಂದ ಹಿಡಿತ ತಪ್ಪಿದ ಚಕ್ರವೇ ಮುಂದೋಡಿ, ಟ್ರ್ಯಾಕ್ಟರು ಬಲಕ್ಕೆ ಹೊರಳುತ್ತದೆ. ಅದಕ್ಕೇ ಇಲ್ಲಿನ ಗಂಡಸರು ಇಳಿಯುವಾಗ ಕೈಗಳನ್ನು ಅಡ್ಡಡ್ಡ ಹಾಕಿ, ಬಲಗೈಯಲ್ಲಿ ಎಡ ಹಿಡಿ, ಎಡಗೈಯಲ್ಲಿ ಬಲ ಹಿಡಿ ಹಿಡಿಯುತ್ತಾರೆ. ಅದೂ ಎಷ್ಟು ಜಂಬದಿಂದ! ನಡುವೆ ಒಂದು ಸಣ್ಣ ಏರು ಬರುತ್ತದೆ. ಅಲ್ಲಿ ಕೈ ಬಿಡಿಸಲು ಮರೆತ ಗಾಸ್ಪರ್ ಕಂದಕದ ಅಂಚಿಗೆ ಹೋಗಿದ್ದ. ಒಂದು ಚಕ್ರ ಗಾಳಿಯಲ್ಲಿತ್ತು. "ಸ್ವಲ್ಪ ಜಾರಿತು" ಎಂದು ನಿನಗೆ ಬರೆದದ್ದು ಸುಳ್ಳು.

ಗಾಡಿಗೆ ಬ್ರೇಕ್ ಹಾಕಿಸೋಣ ಎಂದೆ. ಮಾವ ಸಿಡಿದರು. "ನಮ್ಮಪ್ಪ ಬುಟ್ಟಿ ಹೊತ್ಕೊಂಡು ಇಳ್ದ, ನಾನು ಕೈ ಅಡ್ಡ ಹಾಕ್ಕೊಂಡು ಇಳ್ದೆ. ನಿನ್ನೆ ಮೊನ್ನೆ ಬಂದೋಳು ನಂಗೆ ಕಲಿಸ್ತೀಯಾ?"

ಮಂಗಳವಾರ ಹೊರೆ ತುಂಬಿದ ಮೇಲೆ ನಾನು ಗಾಡಿ ಏರಿ ಕೋಸಿನ ಮೇಲೇ ಕೂತೆ. "ಬ್ರೇಕ್ ಇಲ್ದೆ ಇಳಿಯೋದಾದ್ರೆ ನನ್ನನ್ನೂ ಸೇರಿಸ್ಕೊಂಡೇ ಇಳಿಸಿ, ಮಾವ."

ಪಕ್ಕದ ಹೊಲದ ಪಸಿಂಗ್ ಕೂಗಿದಳು: "ಲೋ ಗಾಸ್ಪರ್, ಈ ಸಲ ನಿನ್ ಕೋಸು ಬಾಳ ಮಾತಾಡ್ತದಲ್ಲೋ!"

ಅಮ್ಮಾ, ಅವನು ಎಂಜಿನ್ ಆರಿಸಿಯೇ ಬಿಟ್ಟ. "ಬ್ರೇಕ್ ಬರೋವರೆಗೂ ಇದು ಚಾಲೂ ಆಗಲ್ಲ, ಅಪ್ಪಾ." ಎಲ್ಲರ ಮುಂದೆಯೇ ಮುತ್ತು ಕೊಡುವವಳಿದ್ದೆ!

ನಾಲ್ಕು ದಿನ ಬೆನ್ನ ಮೇಲೆ ಬುಟ್ಟಿ ಹೊತ್ತೆವು. ನಾನೂ ಹೊತ್ತೆ, ಹೆಗಲು ಸುಲಿದಿದೆ. ನಿನ್ನೆ ಬೆಸುಗೆಯವನು ಗಾಡಿಯ ಚಕ್ರಗಳಿಗೆ ಬ್ರೇಕ್ ಕೂರಿಸಿ ಕಾಲಿಗೊಂದು ಪೆಡಲ್ ಕೊಟ್ಟ. ಮೊದಲು ಓಡಿಸಿದವಳು ನಾನೇ! ಪೆಡಲ್ ಮೆಟ್ಟಿದರೆ ಗಾಡಿ ಹಿಂದಕ್ಕೆ ಜಗ್ಗುತ್ತದೆ, ಎಂಜಿನ್ ಎಳೆಯಲೇಬೇಕು. ಹಾಗಾಗಿ ಇಳಿಜಾರಿನಲ್ಲೂ ಎಡ ಎಡವೇ, ಬಲ ಬಲವೇ. ಅತಿ ಕಡಿದಾದ ತಿರುವಿನಲ್ಲಿ ನಿಲ್ಲಿಸಿ ಎರಡೂ ಕೈ ಮೇಲೆತ್ತಿ ತೋರಿಸಿದೆ.

"ಸರಿ, ಇಳಿ. ಇನ್ನು ನಂದು," ಎಂದರು ಮಾವ. ಆದರೆ ಇಪ್ಪತ್ತು ವರ್ಷದ ಅಭ್ಯಾಸ ನೋಡು, ಕೈಗಳು ತಾವಾಗಿಯೇ ಅಡ್ಡ ಬಿದ್ದವು! ಪೆಡಲ್ ಮೆಟ್ಟಿಕೊಂಡೇ ಇದ್ದರಿಂದ ತಿರುವು ಉಲ್ಟಾ ಆಗಿ, ನೆಟ್ಟಗೆ ಪಸಿಂಗಳ ಬೇಲಿಗೆ ನುಗ್ಗಿದರು. ಬೇಲಿಯಾಚೆ ಕಂದಕ. ಪುಣ್ಯಕ್ಕೆ ಪೆಡಲನ್ನು ಪೂರ್ತಿ ಒತ್ತಿದರು. ಗಾಡಿ ಅಲ್ಲೇ ನಿಂತಿತು. ಮಾವ ಬಗ್ಗಿ ಕಂದಕವನ್ನೊಮ್ಮೆ ನೋಡಿದರು. ಆಮೇಲೆ, "ಹುಡುಗೀ, ಕೈ ಎಲ್ಲಿಡ್ಬೇಕು ತೋರ್ಸು," ಎಂದರು.

ವಾಪಸ್ ಬಾರದ ನಿನ್ನ ಮಗಳು,
ಕ್ಲೆಮಿ

ತಾ.ಕ.: ಆ ಬ್ರೇಕುಗಳು ನಮ್ಮಪ್ಪ ಜನರನ್ನು ಸಾಗಿಸುತ್ತಿದ್ದ ಜೀಪ್ನಿಯವು. ಅಪ್ಪ ತೀರಿಹೋದಾಗಿನಿಂದ ಯಾರಿಗೂ ನೀನು ಮುಟ್ಟಗೊಡದ ಅದೇ ಜೀಪ್ನಿ. ಬುಧವಾರ ನೀನು ಮಾರುಕಟ್ಟೆಗೆ ಹೋದಾಗ ನಾವಿಬ್ಬರೂ ಬಂದು ಬಿಚ್ಚಿಕೊಂಡು, ಟಾರ್ಪಾಲು ಮೊದಲಿನಂತೆ ಹೊದಿಸಿದೆವು. ಕ್ಷಮೆ ಕೇಳುವುದಿಲ್ಲ. ಬೈಯಬೇಕಿದ್ದರೆ ಇಲ್ಲಿಗೇ ಬಾ. ರಸ್ತೆಯಿಂದ ಮೇಲಕ್ಕೆ ನಾನೇ ಗಾಡಿಯಲ್ಲಿ ಕೂರಿಸಿಕೊಂಡು ಬರುತ್ತೇನೆ, ಇಳಿಯುವಾಗಲೂ ನಾನೇ.