ಅಂಟು ಒಣಗುವ ತನಕ

ಗ್ರಂಥಾಲಯದ ಹಿಂಭಾಗ, ಬೈಂಡಿಂಗ್ ಕೋಣೆ
ಜುಲೈ ೪, ಮಧ್ಯಾಹ್ನ

ಪ್ರೀತಿಯ ಇಲಿಮರಿ,

ಹೇಗಿದ್ದೀಯ? ಕತ್ತು ನೋವು ಕಡಿಮೆಯಾಯಿತೋ? ಒಂದು ಕಾಲು ಗಿಡ್ಡವಾದ ಆ ಕುರ್ಚಿಯನ್ನು ಕಚೇರಿಯವರು ಬದಲಾಯಿಸಿ ಕೊಟ್ಟರೋ, ಇಲ್ಲ ಈಗಲೂ ರಟ್ಟಿನ ಚೂರು ಮಡಿಸಿ ಅಡಿಗಿಟ್ಟುಕೊಂಡೇ ಕೂರುತ್ತೀಯೋ? ಭಾನುವಾರದ ಫೋನಿನಲ್ಲಿ ಕೇಳಿದರೆ ಎಲ್ಲಾ ಚೆನ್ನಾಗಿದೆ ಅನ್ನುತ್ತೀಯ. ನಾನೂ ಹಾಗೇ ಅನ್ನುತ್ತೇನೆ. ಆಮೇಲೆ ಯಾರು ಮೊದಲು ಫೋನು ಇಡುವುದು ಅಂತ ಕಾಯುತ್ತೇವೆ. ನನ್ನ ಸಮಾಚಾರ ಕೇಳಿದರೆ, ಮಂಡಿ ಹಳೇ ಬಾಗಿಲಿನಂತೆ ಸದ್ದು ಮಾಡುತ್ತದೆ. ಎಡಗಣ್ಣಿನ ಪೊರೆ ತೆಗೆಸಿದ ಮೇಲೆ ಸೂಜಿಗೆ ದಾರ ಒಂದೇ ಸಲಕ್ಕೆ ಪೋಣಿಸುತ್ತೇನೆ. ನಿವೃತ್ತಿ ಅಂತ ಕೈ ಕುಲುಕಿ ಕಳಿಸಿದವರೇ ವಾರಕ್ಕೆ ಮೂರು ದಿನ ಬಂದುಹೋಗಿ ಅನ್ನುತ್ತಿದ್ದಾರೆ. ಓದುವವರು ಕಡಿಮೆಯಾದರು ಅನ್ನುತ್ತಾರಪ್ಪ ಎಲ್ಲರೂ, ಹರಿಯುವವರೇನೂ ಕಡಿಮೆಯಾಗಿಲ್ಲ.

ಜುಲೈ ಬಂತು. ನಮ್ಮ ಅರ್ಧವರ್ಷದ ಪತ್ರದ ತಿಂಗಳು. ನೀನು ಮದುವೆಯಾಗಿ ಹೋದಾಗಿನಿಂದ ಹತ್ತೊಂಬತ್ತು ವರ್ಷ ತಪ್ಪಿರಲಿಲ್ಲ. ಜನವರಿಯಿಂದ ಓದಿದ್ದರಲ್ಲಿ ಮನಸ್ಸಿಗೆ ಹಿಡಿದದ್ದು ಯಾವುದು, ಕೈಕೊಟ್ಟದ್ದು ಯಾವುದು, ಮುಲಾಜಿಲ್ಲದೆ ಬರೆಯಬೇಕು. ಈ ವರ್ಷ ನಿನ್ನದು ಬರಲಿಲ್ಲ. ಜೂನ್ ಕೊನೆಯಿಂದ ಅಂಚೆಯವನ ಸೈಕಲ್ ಸದ್ದಿಗೆ ಕಿವಿ ಕೊಟ್ಟು ಕೂತಿದ್ದೇನೆ. ಬರುವುದಿಲ್ಲ ಅಂತ ಗೊತ್ತು, ಯಾಕೆ ಅಂತಲೂ ಗೊತ್ತು. ಹೋದ ವರ್ಷ ನಾನು ಬರೆದ ಪತ್ರ ನಿನ್ನ ಕೈಯಿಂದ ಪೆನ್ನು ಕಿತ್ತುಕೊಂಡಿತು. ಅದನ್ನು ಹೇಗಾದರೂ ಮಾಡಿ ವಾಪಸ್ ನಿನ್ನ ಕೈಗೆ ಕೊಡಬೇಕು ಅಂತ ಈ ಪತ್ರ. ಆದರೆ ಮೊದಲು ಉಳಿದ ಪುಸ್ತಕಗಳ ಮಾತು ಮುಗಿಸುತ್ತೇನೆ. ನೇರವಾಗಿ ವಿಷಯಕ್ಕೆ ಬರುವ ಧೈರ್ಯ ನಿಮ್ಮಪ್ಪನಿಗೆ ಯಾವತ್ತು ಇತ್ತು ಹೇಳು.

ಈ ಆರು ತಿಂಗಳಲ್ಲಿ ನನಗೆ ಬಹಳ ಹಿಡಿಸಿದ್ದು ಬಾವಿ ತೋಡುವವನೊಬ್ಬ ಬರೆದುಕೊಂಡ ತನ್ನ ಕಥೆ. ಬೆನ್ನು ಕಿತ್ತು, ಹಾಳೆಗಳು ಅಂಗಿಯ ಗುಂಡಿ ಬಿಚ್ಚಿದಂತೆ ಜೋತುಬಿದ್ದು ನನ್ನ ಮೇಜಿಗೆ ಬಂತು. ನೂರ ನಲವತ್ತು ಪುಟದಲ್ಲಿ ತೊಂಬತ್ತು ಪುಟ ಬರೀ ಮಣ್ಣು. ಈ ಅಡಿಯಲ್ಲಿ ಮಣ್ಣಿನ ಬಣ್ಣ ಹೀಗೆ, ಮುಂದಿನ ಅಡಿಯಲ್ಲಿ ವಾಸನೆ ಹಾಗೆ ಅಂತ ಬರೆಯುತ್ತಲೇ ಹೋಗುತ್ತಾನೆ, ಪುಣ್ಯಾತ್ಮನಿಗೆ ಬೇಸರವೇ ಇಲ್ಲ. ನನಗೂ ಆಗಲಿಲ್ಲ. ಎರಡನೆಯ ಸಲ ಓದುವಷ್ಟರಲ್ಲಿ ಬಟ್ಟಲಿನ ಅಂಟು ಕಲ್ಲಾಗಿ ಕೂತಿತ್ತು. ಪತ್ತೇದಾರಿಯೊಂದು ಬಂದಿತ್ತು, ಸೊಗಸಾಗಿತ್ತು, ಆದರೆ ಕೊನೆಯ ಹದಿನಾರು ಪುಟ ಯಾರೋ ಹರಿದುಕೊಂಡು ಹೋಗಿದ್ದಾರೆ. ಕೊಲೆ ಮಾಡಿದವಳು ಹೊಲಿಗೆ ಟೀಚರಮ್ಮನೇ ಅಂತ ನನ್ನ ಗುಮಾನಿ. ಕೈಕೊಟ್ಟವುಗಳಲ್ಲಿ ಮೊದಲನೆಯದು ಏಳುನೂರು ಪುಟದ ರಾಜರ ಕಾದಂಬರಿ. ಪುಟಕ್ಕೊಂದು ಕುದುರೆ ಓಡುತ್ತದೆ, ಏಳುನೂರು ಪುಟದಲ್ಲಿ ಒಂದು ಕುದುರೆಯಾದರೂ ನಿಂತು ಹುಲ್ಲು ತಿನ್ನಲಿಲ್ಲ. ಎರಡನೆಯದು ಹನ್ನೊಂದು ದೇಶ ಸುತ್ತಿ ಬಂದವನ ಪ್ರವಾಸದ ಕಥೆ. ಹನ್ನೊಂದು ದೇಶದಲ್ಲೂ ಅವನಿಗೆ ಕಂಡದ್ದು ಅವನೇ.

ಇವೆಲ್ಲದರ ತೀರ್ಪನ್ನು ಎಂದಿನಂತೆ ಬರೆದಿಟ್ಟಿದ್ದೇನೆ. ಎಲ್ಲಿ ಅಂತ ಈ ಪ್ರಪಂಚದಲ್ಲಿ ನಿನ್ನೊಬ್ಬಳಿಗೇ ಗೊತ್ತು. ರಟ್ಟಿನ ಒಳಮೈಗೆ ಬಿಳಿ ಹಾಳೆ ಅಂಟಿಸುವ ಮೊದಲು ಪೆನ್ಸಿಲಿನಲ್ಲಿ ಒಂದು ಸಾಲು, ಆಮೇಲೆ ಅದರ ಮೇಲೆ ಹಾಳೆ, ಮುಗಿಯಿತು. ನಲವತ್ತು ವರ್ಷದಲ್ಲಿ ಈ ಗ್ರಂಥಾಲಯದ ಅರ್ಧ ಪುಸ್ತಕಗಳ ಹೊಟ್ಟೆಯಲ್ಲಿ ನನ್ನ ಒಂದೊಂದು ಸಾಲು ಕೂತಿದೆ, ಓದಿದವರಿಲ್ಲ. ನಿನಗೆ ಆರು ವರ್ಷವಿದ್ದಾಗ ಮೇಜಿನ ಕೆಳಗೆ ಕಾಗದದ ಚೂರುಗಳ ರಾಶಿಯಲ್ಲಿ ಕೂತಿರುತ್ತಿದ್ದೆ, ಅದಕ್ಕೇ ಇಲಿಮರಿ ಅಂತ ಹೆಸರು ಬಿದ್ದದ್ದು. ಒಂದು ಭೂಗೋಳದ ಪುಸ್ತಕವನ್ನು ಮುಟ್ಟಿ ನೋಡಿ "ಅಪ್ಪ, ಇದಕ್ಕೆ ಜ್ವರ ಬಂದಿದೆ" ಅಂದೆ. ಹಾಗೇ ಬರೆದು ಅಂಟಿಸಿದೆ. ಅದು ಈಗಲೂ ಕಿಟಕಿಯ ಪಕ್ಕದ ಕಪಾಟಿನಲ್ಲಿದೆ, ಒಮ್ಮೊಮ್ಮೆ ಹೋಗಿ ಮುಟ್ಟಿ ಬರುತ್ತೇನೆ.

ಸರಿ, ಇನ್ನು ಸುತ್ತಿ ಬಳಸಿದ್ದು ಸಾಕು.

ಹೋದ ವರ್ಷ ಮೇ ತಿಂಗಳಲ್ಲಿ ನೀನು ಆರು ನೋಟ್‌ಬುಕ್ ಕಳಿಸಿದೆ. ಕಚೇರಿಯ ಗೆಳತಿಯೊಬ್ಬಳು ಕಾದಂಬರಿ ಬರೆದಿದ್ದಾಳೆ, ಅವಳ ಅಕ್ಷರ ಕಾಗೆಯ ಕಾಲು ಕೋಳಿಯ ಕಾಲು, ಅದಕ್ಕೆ ನಾನೇ ಚೊಕ್ಕವಾಗಿ ನಕಲು ಮಾಡಿದ್ದೇನೆ, ಆರನ್ನೂ ಸೇರಿಸಿ ಒಂದು ಪುಸ್ತಕವಾಗಿ ಕಟ್ಟಿಕೊಡಿ, ಓದಿ ಅರ್ಧವರ್ಷದ ಪತ್ರದಲ್ಲಿ ಅಭಿಪ್ರಾಯ ಬರೆಯಿರಿ, ಮುಲಾಜು ಬೇಡ, ಅಂತ ಜೊತೆಗೊಂದು ಚೀಟಿ. ನಾನು ಮೊದಲು ಮಾಡುವ ಕೆಲಸ ನಿನಗೆ ಗೊತ್ತೇ ಇದೆ, ಹಳೇ ಹೊದಿಕೆ ಕಿತ್ತು ಬುಟ್ಟಿಗೆ ಹಾಕುವುದು. ಒಂದು, ಎರಡು, ಮೂರು ಅಂತ ನೀನು ದಪ್ಪಕ್ಷರದಲ್ಲಿ ಬರೆದದ್ದು ಆ ಹೊದಿಕೆಗಳ ಮೇಲೇ ಇತ್ತು. ಒಳಗೆ ಪುಟಸಂಖ್ಯೆ ಇಲ್ಲ. ಹಾಳೆ ನೆಟ್ಟಗಾಗಲಿ ಅಂತ ಆರನ್ನೂ ಎರಡು ದಿನ ತಿರುಪು ಬಿಗಿಸುವ ಒತ್ತುಹಲಗೆಗಳ ನಡುವೆ ಇಟ್ಟೆ. ತೆಗೆಯುವಾಗ ಮೂರನೆಯದು ಐದನೆಯದರ ಜಾಗಕ್ಕೆ ಹೋಯಿತು, ಐದನೆಯದು ಮೂರನೆಯದರ ಜಾಗಕ್ಕೆ ಬಂತು. ಪೊರೆ ಬಂದ ಕಣ್ಣು, ಮೇಲೆ ನನ್ನ ಕೈ ತಪ್ಪುವುದಿಲ್ಲ ಅನ್ನುವ ಕೊಬ್ಬು. ಹಾಗೇ ಹೊಲಿದೆ, ಬೆನ್ನಿಗೆ ಅಂಟು ಹಚ್ಚಿದೆ, ಆಮೇಲೆ ಓದಲು ಕೂತೆ.

ಅರ್ಧಕ್ಕೆ ಬರುವ ಮುಂಚೆಯೇ ತಾಯಿ ಸತ್ತಳು. ಅರವತ್ತು ಹಾಳೆ ಮುಂದೆ ಹೋದರೆ ಅದೇ ತಾಯಿ ಒಲೆಯ ಮುಂದೆ ನಿಂತು ಮಗಳ ತಲೆ ಬಾಚುತ್ತಿದ್ದಾಳೆ. ವಾಕ್ಯಗಳು ನಡುವೆಯೇ ತುಂಡಾಗಿ ನಿಲ್ಲುತ್ತವೆ. ಬರೆದವಳಿಗೆ ಮರೆವಿನ ರೋಗವಿರಬೇಕು ಅಂದುಕೊಂಡೆ. ನಿನ್ನ ಗೆಳತಿಯದೇ ಅಂತ ನೀನೇ ಬರೆದಿರುವಾಗ ನನಗೆ ಹೇಗೆ ಗೊತ್ತಾಗಬೇಕು? ನಾನು ಬರೆದದ್ದು ಇವತ್ತಿಗೂ ಬಾಯಿಪಾಠವಿದೆ. "ಈ ವರ್ಷ ಅತ್ಯಂತ ನಿರಾಸೆ ಮಾಡಿದ್ದು ನಿನ್ನ ಗೆಳತಿಯ ಪುಸ್ತಕ, ತಲೆಬುಡವಿಲ್ಲ, ಬರವಣಿಗೆ ಎಲ್ಲರ ಕೈಯಲ್ಲಿ ಆಗುವ ಕೆಲಸವಲ್ಲ, ಸುಮ್ಮನೆ ಕಚೇರಿ ಕೆಲಸ ಮಾಡಿಕೊಂಡಿರಲು ಹೇಳು." ಪುಸ್ತಕದ ಪಾರ್ಸೆಲಿನ ಮೇಲೇ ಆ ಪತ್ರವನ್ನು ಕಟ್ಟಿ ಕಳಿಸಿದೆ. ನಿನ್ನಿಂದ ಒಂದು ಕಾರ್ಡು ಬಂತು: "ಅವಳಿಗೆ ಹೇಳಿದ್ದೀನಿ ಅಪ್ಪ. ಇನ್ನು ಬರೆಯೋದಿಲ್ಲವಂತೆ."

ಹೋದ ತಿಂಗಳು ಅಳಿಯಂದಿರು ಕೆಲಸದ ಮೇಲೆ ಈ ಕಡೆ ಬಂದಿದ್ದರಲ್ಲ, ಕೈಚೀಲದಿಂದ ಆ ಪಾರ್ಸೆಲ್ ತೆಗೆದು ಮೇಜಿನ ಮೇಲಿಟ್ಟರು. ನಾನು ಕಟ್ಟಿದ ದಾರದ ಗಂಟು ಹಾಗೇ ಇತ್ತು. ನೀನು ಬಿಚ್ಚಿಯೇ ಇರಲಿಲ್ಲ. ಹಳೇ ಪೇಪರಿನವನಿಗೆ ಕೊಡಲು ಕಟ್ಟಿದ್ದ ರದ್ದಿಯಲ್ಲಿ ಸಿಕ್ಕಿತಂತೆ. ಅವರು ಹೆಚ್ಚು ಮಾತಿನ ಮನುಷ್ಯರಲ್ಲ, ನಿಂತುಕೊಂಡೇ ಹೇಳಿದರು: "ಮಾವ, ಇದನ್ನ ಬರೆದದ್ದು ಅವಳೇ. ಮೂರು ವರ್ಷ ಬೆಳಿಗ್ಗೆ ಐದಕ್ಕೆ ಎದ್ದು ಬರೀತಿದ್ದಳು. ಈಗ ಐದಕ್ಕೆ ಎಚ್ಚರ ಆಗುತ್ತೆ, ಸುಮ್ಮನೆ ಗೋಡೆ ನೋಡ್ತಾ ಮಲಗಿರ್ತಾಳೆ." ಟೀ ಕುಡಿಯಿರಿ ಅಂದೆ. ಬಸ್ಸಿಗೆ ಹೊತ್ತಾಯಿತು ಅಂತ ಹೊರಟುಬಿಟ್ಟರು.

ಮಾರನೆಯ ದಿನ ಬೆಳಿಗ್ಗೆ ದಾರಗಳನ್ನು ಕತ್ತರಿಸಿ ಆರನ್ನೂ ಬೇರೆ ಮಾಡಿದೆ. ತುಂಡಾದ ವಾಕ್ಯಗಳ ತಲೆಗೆ ಬಾಲ ಹುಡುಕುತ್ತಾ ಹೋದರೆ ನನ್ನ ಘನಕಾರ್ಯ ಕಣ್ಣಿಗೆ ಹೊಡೆಯಿತು. ಸರಿಯಾಗಿ ಜೋಡಿಸಿಟ್ಟುಕೊಂಡು ಮೊದಲಿನಿಂದ ಓದಿದೆ. ಎರಡು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಗ್ರಂಥಪಾಲಕಿಯಮ್ಮ ಇಣುಕಿ ನೋಡಿ, ಏನು ಕಣ್ಣಿಗೆ ಮತ್ತೆ ತೊಂದರೆಯೇ ಅಂತ ಕೇಳಿದರು. ಹೌದು, ಔಷಧಿ ಹಾಕಿದ್ದೇನೆ ಅಂದೆ. ಮಗಳೇ, ತಾಯಿ ಬಾಚಣಿಗೆಯನ್ನು ಬಾಯಲ್ಲಿ ಕಚ್ಚಿಕೊಂಡು ಜಡೆ ಹೆಣೆಯುವುದು, ಮಾತಾಡಲಾಗದೆ ಹೂಂ ಹೂಂ ಅನ್ನುವುದು, ಅದು ನಿಮ್ಮಮ್ಮನೇ. ಅವಳು ಹೋಗಿ ಏಳು ವರ್ಷವಾಯಿತು, ನನ್ನಲ್ಲಿರುವ ಫೋಟೋಗಳಲ್ಲಿ ಯಾವುದರಲ್ಲೂ ಅವಳು ಅಷ್ಟು ಚೆನ್ನಾಗಿ ಬಂದಿಲ್ಲ. ತಲೆ ಬಾಚಿದ್ದು ಮೊದಲು ಬಂದರೆ ತಾನೇ ಆಮೇಲಿನ ಸಾವು ಎದೆಗೆ ತಾಕುವುದು? ನಾನು ಮೊದಲೇ ಸಾಯಿಸಿ ಆಮೇಲೆ ತಲೆ ಬಾಚಿಸಿದೆ, ಬೈದದ್ದು ನಿನ್ನನ್ನು. ಕಥೆಯಲ್ಲಿ ಆ ತಾಯಿಯ ಗಂಡ, ಆ ಗಡಿಯಾರ ರಿಪೇರಿಯವನ ವಿಷಯ ಈಗ ಬೇಡ. ಅವನ ಮಾತಿಗೆ ಆಮೇಲೆ ಬರುತ್ತೇನೆ.

ಈ ಅರ್ಧವರ್ಷದಲ್ಲಿ ನಾನು ಓದಿದ ಎಲ್ಲಕ್ಕಿಂತ ಒಳ್ಳೆಯ ಪುಸ್ತಕ ಅದೇ. ಬಾವಿಯವನು ಎರಡನೆಯವನು. ಮಗಳು ಅಂತ ಹೇಳುತ್ತಿಲ್ಲ, ಮುಲಾಜು ನನಗೆ ಬರುವುದಿಲ್ಲ ಅಂತ ನಿನಗೆ ಚೆನ್ನಾಗಿ ಗೊತ್ತು, ಅದರ ರುಚಿ ಕಂಡಿದ್ದೀಯ. ಪಶ್ಚಾತ್ತಾಪ ಅಂದರೆ ಏನು ಅಂತ ಪುಸ್ತಕಗಳಲ್ಲಿ ಬೇಕಾದಷ್ಟು ಓದಿದ್ದೆ. ಹಿಂದಿನ ರಟ್ಟು ಬಿಡಿಸಿದಾಗ ಬಿಳಿ ಹಾಳೆಯ ಅಡಿಯಲ್ಲಿ ನನ್ನದೇ ಕೈಬರಹದಲ್ಲಿ "ದಂಡ" ಅನ್ನುವ ಒಂದೇ ಮಾತು ಕಂಡಿತಲ್ಲ, ಆವಾಗ ಗೊತ್ತಾಯಿತು. ರಬ್ಬರು ಹಾಕಿ ಉಜ್ಜಿದೆ, ರಟ್ಟು ಕಿತ್ತು ಬಂತೇ ಹೊರತು ಅಕ್ಷರ ಹೋಗಲಿಲ್ಲ. ಆ ರಟ್ಟು ಎಸೆದು ಹೊಸದು ಕತ್ತರಿಸಿದ್ದೇನೆ.

ಆರು ನೋಟ್‌ಬುಕ್ಕನ್ನೂ ಇದರ ಜೊತೆ ಕಳಿಸುತ್ತಿದ್ದೇನೆ. ಹೊಲಿದಿಲ್ಲ. ನನ್ನ ಕೈಯ ಮೇಲೆ ನನಗಿನ್ನು ನಂಬಿಕೆಯಿಲ್ಲ, ಕ್ರಮವನ್ನು ನೀನೇ ಒಮ್ಮೆ ನೋಡಿ ಮೂಲೆಯಲ್ಲಿ ಸಂಖ್ಯೆ ಹಾಕಿ ಕಳಿಸು, ಹೊಲಿಯುತ್ತೇನೆ. ನಾಲ್ಕನೆಯ ನೋಟ್‌ಬುಕ್ಕಿನ ಕೊನೆಗೆ ಎಂಟು ಖಾಲಿ ಹಾಳೆ ಸೇರಿಸಿದ್ದೇನೆ. ಬೆಳಿಗ್ಗೆ ಐದಕ್ಕೆ ಎಚ್ಚರವಾದರೆ ಗೋಡೆ ನೋಡಬೇಡ ಕಂದ, ಎದ್ದು ಕೂತುಕೋ. ಈ ಮುದುಕನ ತಪ್ಪನ್ನು ಹೊಟ್ಟೆಗೆ ಹಾಕಿಕೋ ಅಂತ ಕೇಳುವ ಯೋಗ್ಯತೆ ನನಗಿಲ್ಲ, ಆದರೂ ಕೇಳುತ್ತಿದ್ದೇನೆ. ಅಳಿಯಂದಿರಿಗೆ ನಮಸ್ಕಾರ ತಿಳಿಸು. ಅವರು ರದ್ದಿಗೆ ಕೈ ಹಾಕದೆ ಹೋಗಿದ್ದರೆ ನಾನು ಹಾಗೇ ಬೀಗುತ್ತಾ ಸತ್ತುಹೋಗುತ್ತಿದ್ದೆ. ಕತ್ತಿಗೆ ಬಿಸಿನೀರಿನ ಶಾಖ ಕೊಡು. ನೂರು ವರ್ಷ ಬಾಳು, ಅಷ್ಟು ವರ್ಷವೂ ಬರೆ.

ನಿನ್ನ ಅಪ್ಪ

ಮತ್ತೆ: ಲಕೋಟೆ ಅಂಟಿಸಿ ಆಗಿತ್ತು, ಹರಿದು ಇದನ್ನು ಬರೆಯುತ್ತಿದ್ದೇನೆ. ನನಗೆ ಹೇಗೆ ಗೊತ್ತಾಗಬೇಕು ಅಂತ ಮೇಲೆ ಬರೆದಿದ್ದೇನಲ್ಲ, ಅದು ಸುಳ್ಳು. ನೋಟ್‌ಬುಕ್ ಅದಲುಬದಲಾದದ್ದು ನಿಜ, ಅದು ತಿಳಿದದ್ದು ಹೋದ ತಿಂಗಳು, ಅದೂ ನಿಜ. ಆದರೆ ಬರೆದವಳು ನೀನೇ ಅಂತ ಹೋದ ವರ್ಷ ನಾಲ್ಕನೆಯ ನೋಟ್‌ಬುಕ್ಕಿನಲ್ಲೇ ಗೊತ್ತಾಯಿತು. ಅಮ್ಮನಿಗೆ ಜೋರಾಗಿದೆ ಬನ್ನಿ ಅಂತ ಮಗಳು ಅಂಗಡಿಗೆ ಓಡಿಬಂದರೆ ಆ ಗಡಿಯಾರದವನು ತಲೆ ಎತ್ತದೆ, ಬಿಚ್ಚಿಟ್ಟಿದ್ದೀನಿ, ಜೋಡಿಸೋ ತನಕ ಹೇಗೆ ಬರಲಿ ಅನ್ನುತ್ತಾನೆ. ನಿಮ್ಮಮ್ಮ ಹೋದ ದಿನ ಈ ಕೋಣೆಯ ಬಾಗಿಲಲ್ಲಿ ನಿಂತು ನೀನು ಕರೆದಾಗ ನಾನು ಅಂದದ್ದು, "ಅಂಟು ಹಚ್ಚಿಟ್ಟಿದ್ದೀನಿ, ಒಣಗೋ ತನಕ ಹೇಗೆ ಬರಲಿ." ಆ ಮಾತು ನಮ್ಮಿಬ್ಬರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಓದಿ ಮೈಯೆಲ್ಲ ಉರಿದುಹೋಯಿತು. ಗೆಳತಿ ಅನ್ನುವ ಪರದೆ ನೀನೇ ಕೊಟ್ಟಿದ್ದೆ, ಅದರ ಮರೆಯಲ್ಲಿ ನಿಂತು ನಿನಗೇ ಹೊಡೆದೆ. ಅಳಿಯಂದಿರ ಮುಂದೆ ಏನೂ ಗೊತ್ತಿಲ್ಲದವನಂತೆ ಮುಖ ಮಾಡಿದೆ.

ಅವನಿಗೆ ಹೆಂಡತಿಗಿಂತ ಗಡಿಯಾರವೇ ಹೆಚ್ಚು ಅಂತ ಬರೆದಿದ್ದೀಯ. ಇಡೀ ಪುಸ್ತಕದಲ್ಲಿ ತಪ್ಪಿರುವುದು ಅದೊಂದೇ. ಆವತ್ತು ನಾನು ಅಂಟು ಹಚ್ಚಿರಲಿಲ್ಲ ಮಗಳೇ. ಡಬ್ಬಿಯ ಮುಚ್ಚಳ ಕೂಡ ತೆಗೆದಿರಲಿಲ್ಲ. ಅವಳು ಹೋಗುವುದನ್ನು ಕಣ್ಣಾರೆ ನೋಡಲು ಹೆದರಿ ಇಲ್ಲಿ ಬರಿಗೈಯಲ್ಲಿ ಕೂತಿದ್ದೆ. ಅದನ್ನು ನೀನು ಬರೆಯಲಿ ಅಂತಲೇ ಆ ಎಂಟು ಹಾಳೆ ಇಟ್ಟದ್ದು.