ದಕ್ಷಿಣದ ಪಾಲು

ಧಾರವಾಡ, ಹೆಬ್ಬಳ್ಳಿ ರಸ್ತೆ
೫ ಜನವರಿ ೨೦೨೬, ಸೋಮವಾರ ಸಂಜೆ

ಪ್ರೀತಿಯ ಶಿವಯೋಗಿ ಅಣ್ಣಾ,

ಹೇಗಿದ್ದೀ? ಬೆನ್ನುನೋವು ಕಡಿಮೆಯಾಯಿತೆ? ಅತ್ತಿಗೆಗೆ ಕೆಮ್ಮು ಎಂದು ಕೇಳಿದೆ. ನಿನ್ನ ಅರಳೆ ಅಂಗಡಿಯ ಧೂಳಿನಲ್ಲಿ ಅವರು ಹೋಗಿ ಕೂಡುವುದು ಬೇಡ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಒಂದು ಬಸ್ಸಿನ ದಾರಿ. ಅಷ್ಟೇ ದೂರಕ್ಕೆ ಪತ್ರ ಬರೆಯುವ ತಂಗಿ ಈ ಅವಳಿ ನಗರದಲ್ಲಿ ನಾನೊಬ್ಬಳೇ ಇರಬೇಕು. ಏನು ಮಾಡಲಿ, ನೀನು ಫೋನ್ ಎತ್ತುವುದಿಲ್ಲ. ಇಲ್ಲಿ ನಿನ್ನ ಮನೆ ಕಟ್ಟುತ್ತಿರುವ ಮೇಸ್ತ್ರಿ ಹೊಳೆಯಪ್ಪ ನಾಳೆ ನಿನ್ನ ಹತ್ತಿರ ಬರುತ್ತಾನಂತೆ, ಅವನ ಕೈಯಲ್ಲೇ ಕಳಿಸುತ್ತೇನೆ. ನಾವೆಲ್ಲ ಇಲ್ಲಿ ಆರಾಮ ಎಂದು ಬರೆಯುವುದು ರೂಢಿ, ಆದರೆ ನನ್ನಿಂದ ಆಗುತ್ತಿಲ್ಲ.

ನನ್ನ ಕಸುಬು ನಿನಗೆ ಗೊತ್ತೇ ಇದೆ. ಊರವರಿಗೆಲ್ಲ ಬಿಸಿಲಿನ ಮನೆಗಳ ನಕ್ಷೆ ಬರೆದುಕೊಡುತ್ತೇನೆ: ಕರೆಂಟು ಹೆಚ್ಚು ಬೇಡದ, ಚಳಿಗಾಲದಲ್ಲಿ ತಾನೇ ಬೆಚ್ಚಗಿರುವ, ಬೇಸಿಗೆಯಲ್ಲಿ ತಾನೇ ತಂಪಾಗಿರುವ ಮನೆಗಳು. ಗಿರಾಕಿ ಬಂದರೆ ಮೊದಲು ಕೇಳುವುದೇ ನಿಮ್ಮ ದಕ್ಷಿಣಕ್ಕೆ ಏನಿದೆ ಎಂದು. ಪಕ್ಕದವರ ಬೇವಿನ ಮರದ ನೆರಳನ್ನೂ ಲೆಕ್ಕ ಹಾಕದೆ ಬಿಡುವುದಿಲ್ಲ. ಅಪ್ಪ ಹೋದಮೇಲೆ ಈ ಜಾಗ ನಮ್ಮಿಬ್ಬರಿಗೆ ಪಾಲಾದಾಗ ಹಿರಿಯರು, 'ದಕ್ಷಿಣದ ಪಾಲು ಹಿರೇ ಮಗನ್ದು, ನಮ್ಮ ಪದ್ಧತಿನ ಹಂಗ' ಎಂದರು. ನೀನು ನನ್ನ ತಲೆಯ ಮೇಲೆ ಕೈಯಿಟ್ಟು, 'ನಿನ್ನ ಬಿಸಲಿಗೆ ನಾ ಅಡ್ಡ ಬರ್ತೇನೇನ ತಂಗಿ? ಕಟ್ಟಿದ್ರ ರಸ್ತೆ ಕಡೆ ಒಂದ ಅಂತಸ್ತು, ಅಷ್ಟ' ಎಂದೆ. ನೆರೆಯವರಿಂದ ಒಪ್ಪಿಗೆ ಬರೆಸಿಕೊಂಡು ಬನ್ನಿ ಎಂದು ಗಿರಾಕಿಗಳಿಗೆ ಹೇಳುವವಳು ನಾನು. ಆದರೆ ಒಡಹುಟ್ಟಿದ ಅಣ್ಣನ ಹತ್ತಿರ ಕಾಗದ ಕೇಳುವುದು ಹೇಗೆ? ನಮ್ಮ ಮನೆತನದಲ್ಲಿ ಹಾಗೆ ಕೇಳಿದವರು ಯಾರಿದ್ದಾರೆ?

ಆ ಮಾತು ನಂಬಿ ಅವ್ವನ ಕೋಣೆಯನ್ನು ದಕ್ಷಿಣಕ್ಕೇ ಇಟ್ಟೆ. ದೊಡ್ಡ ಕಿಟಕಿ, ಅದರೊಳಗೆ ಕಪ್ಪು ಕಡಪಾ ಕಲ್ಲಿನ ಕಟ್ಟೆ. ಬೇಸಿಗೆಯ ಸೂರ್ಯ ನೆತ್ತಿಯ ಮೇಲೆ ಹೋಗುವುದರಿಂದ ಸಜ್ಜಾ ಅವನನ್ನು ಹೊರಗೇ ತಡೆಯುತ್ತದೆ. ಚಳಿಗಾಲದವನು ತಗ್ಗಿ ಒಳಗೆ ಬಂದು ಕಟ್ಟೆ ಕಾಯಿಸುತ್ತಾನೆ. ಅವ್ವನ ಸಂಧಿವಾತ ನೀನು ನೋಡಿದ್ದೀ. ಚಳಿಗೆ ಬೆರಳು ಮುದುಡಿದರೆ ಬಿಚ್ಚುವುದೇ ಇಲ್ಲ. ಹೋದ ಎರಡು ಚಳಿಗಾಲ ಆ ಕಟ್ಟೆಯ ಮೇಲೆ ಕೂತು ಬಿಸಿಲಿಗೆ ಕೈ ಚಾಚಿದರೆ ಸಾಕು, ಎಡಗೈ ತಾನಾಗಿಯೇ ಬಿಚ್ಚಿಕೊಳ್ಳುತ್ತಿತ್ತು. ಆ ಅಂಗೈಯ ಮೇಲೆ ಲಿಂಗವಿಟ್ಟು ಪೂಜೆ ಮುಗಿಸಿ, ಆಮೇಲೆ ಚಹಾ ಕೇಳುತ್ತಿದ್ದಳು. 'ಇಷ್ಟ ವರ್ಷ ಸಾಲಿ ಕಲ್ತದ್ದು ಈಗ ಉಪಯೋಗಕ್ಕ ಬಂತ ನೋಡು' ಎಂದು ನನ್ನನ್ನು ಚೇಷ್ಟೆ ಮಾಡುತ್ತಿದ್ದಳು. ನಾನು ಬರೆದ ಮನೆಗಳಲ್ಲೆಲ್ಲ ನನಗೆ ನಿಜವಾದ ಹೆಮ್ಮೆಯಿದ್ದದ್ದು ಆ ಒಂದು ಕಿಟಕಿಯ ಬಗ್ಗೆ.

ಈಗ ಅದರ ಎದುರು ನಿನ್ನ ಗೋಡೆಯಿದೆ. ನೈಋತ್ಯ ಎತ್ತರವಾದರೆ ವ್ಯಾಪಾರ ಏಳುತ್ತದೆ ಎಂದು ಯಾರೋ ವಾಸ್ತು ನೋಡುವವರು ಹೇಳಿದರಂತೆ. ಎರಡನೇ ಅಂತಸ್ತಿಗೇ ಕಿಟಕಿ ಕತ್ತಲಾಯಿತು. ಮೂರನೆಯದೂ ಎದ್ದರೆ ಚಾವಣಿಯ ಸೋಲಾರ್ ಫಲಕಗಳೂ ಇದ್ದೂ ಇಲ್ಲದಂತೆ. ಹೊಳೆಯಪ್ಪನನ್ನು ಕೇಳಿದರೆ, 'ಬ್ಯಾಸಿಗ್ಯಾಗ ನಿಮಗ ನೆರಳಾತಲ್ರಿ ಅಕ್ಕಾರ' ಎಂದ. ಬೇಸಿಗೆಯಲ್ಲಿ ಆ ನೆರಳು ನಮ್ಮತ್ತ ಬರುವುದೇ ಇಲ್ಲ ಎಂದು ಅವನಿಗೆ ತಿಳಿಸಿ ಹೇಳುವ ಹುರುಪೂ ನನ್ನಲ್ಲಿ ಉಳಿದಿಲ್ಲ. ಅವ್ವನ ಕೈಗೆ ಬಿಸಿನೀರು ಹಾಕುತ್ತೇನೆ. ಒರೆಸುವಷ್ಟರಲ್ಲಿ ಬೆರಳು ಮತ್ತೆ ಮುದುಡುತ್ತವೆ. ಹೀಟರ್ ತಂದರೆ, 'ತೊಗಲ ಸುಡತೈತಿ, ಎಲುಬಿಗೆ ಹತ್ತಂಗಿಲ್ಲ' ಎನ್ನುತ್ತಾಳೆ. ಅಂಗಳದಲ್ಲಿ ಬಿಸಿಲುಂಟು, ಆದರೆ ಗೋಡೆ ಕಟ್ಟುವ ಗೌಂಡಿಗಳ ಕಣ್ಣೆದುರು ಲಿಂಗ ಹೊರಗೆ ತೆಗೆಯಲು ಒಪ್ಪುವುದಿಲ್ಲ. ಮಾಳಿಗೆ ಹತ್ತಲು ಕಾಲು ಬರುವುದಿಲ್ಲ. ಬೆಳಗಿನ ಪೂಜೆ ಈಗ ಮಧ್ಯಾಹ್ನವಾದರೂ ಮುಗಿಯುವುದಿಲ್ಲ, ಪೂಜೆಯಾಗದೆ ಅವಳು ನೀರೂ ಮುಟ್ಟುವುದಿಲ್ಲ.

ಕಟ್ಟಿದ್ದನ್ನು ಕೆಡವು ಎನ್ನುತ್ತಿಲ್ಲ. ನೀನು ಕೆಡವುವವನೂ ಅಲ್ಲ. ದಿನಾ ಬೆಳಿಗ್ಗೆ ಆ ಗೋಡೆ ನೋಡಿ, ಅವ್ವನಿಗೆ ಕೇಳದಂತೆ ನಿನ್ನನ್ನು ಬಾಯಿಗೆ ಬಂದಂತೆ ಬೈಯುತ್ತೇನೆ. ಗಿರಾಕಿಗಳನ್ನು ಮನೆ ತೋರಿಸಲು ಕರೆತರುವುದು ಬಿಟ್ಟಿದ್ದೇನೆ. ನಕ್ಷೆ ಬರೆಯಲು ಕೂತರೆ ಯಾರ ಅಣ್ಣ ಎಲ್ಲಿ ಗೋಡೆ ಎಬ್ಬಿಸುತ್ತಾನೋ ಎಂದೆನಿಸಿ ಕೈ ಓಡುವುದಿಲ್ಲ. ನನಗೆ ಸಾಕಾಗಿದೆ ಅಣ್ಣಾ.

ಅವ್ವ ನಿಮ್ಮಿಬ್ಬರಿಗೂ ಆಶೀರ್ವಾದ ತಿಳಿಸಿದ್ದಾಳೆ. ಹೊಸ ಮನೆಗೆ ದೃಷ್ಟಿಯಾದೀತು, ಬೂದುಗುಂಬಳ ಕಟ್ಟಿಸು ಎಂದೂ ಹೇಳಿದ್ದಾಳೆ. ಅತ್ತಿಗೆಗೆ ನನ್ನ ಶರಣು.

ನಿನ್ನ ತಂಗಿ,
ದಾಕ್ಷಾಯಿಣಿ

ತಾ.ಕ.: ಮಂಗಳವಾರ ಮಧ್ಯಾಹ್ನ. ಮಡಚಿಟ್ಟ ಪತ್ರ ಬಿಚ್ಚಿ ಬರೆಯುತ್ತಿದ್ದೇನೆ, ಹೊಳೆಯಪ್ಪ ಗಾಡಿ ಚಾಲೂ ಮಾಡಿ ನಿಂತಿದ್ದಾನೆ. ಇಂದು ಬೆಳಿಗ್ಗೆ ಪೂಜೆಗೆ ಕೂತಾಗ ಅವ್ವನ ಅಂಗೈಯಿಂದ ಲಿಂಗ ಜಾರಿ ನೆಲಕ್ಕೆ ಬಿತ್ತು. ಅವಳಿಗೆ ಅದು ಜೀವ ಹೋದಂತೆ ಎಂದು ನಿನಗೆ ಗೊತ್ತು. ಮಠದ ಶಾಂತಯ್ಯನವರು ಬಂದು ಶುದ್ಧಿ ಮಾಡಿ, ಸಮಾಧಾನ ಹೇಳಿ, ಮತ್ತೆ ಕೊರಳಿಗೆ ಕಟ್ಟಿ ಹೋದರು. ಆದರೆ ಕೈಗೆ ತೆಗೆದುಕೊಳ್ಳಲು ಹೆದರುತ್ತಾಳೆ. ಇನ್ನೂ ಒಂದು ಹನಿ ನೀರು ಕುಡಿದಿಲ್ಲ. ಅವಳ ಕೈಗೆ ಆಸರೆಯಾಗಿ ಕೆಳಗೆ ನನ್ನ ಕೈ ಒಡ್ಡಿದೆ. ಮೆಲ್ಲಗೆ ಸರಿಸಿಬಿಟ್ಟಳು. 'ಬ್ಯಾಡವಾ, ನಿನ್ನ ಕೈ ಸಿಟ್ಟಿಗೆ ನಡಗಾಕತ್ತೈತಿ. ಅದರ ಮ್ಯಾಲೆ ಹ್ಯಾಂಗ ಇಡ್ಲಿ? ಶಿವಯೋಗಿನ್ನ ಕರೀ' ಎಂದಳು. ಖರೆ ಅಣ್ಣಾ, ನಡುಗುತ್ತಿದೆ, ಏನು ಮಾಡಿದರೂ ನಿಲ್ಲುತ್ತಿಲ್ಲ. ಇದೇ ಗಾಡಿಯ ಹಿಂದೆ ಕೂತು ಬಂದುಬಿಡು. ಗೋಡೆಯ ಮಾತು ನಾನು ಎತ್ತುವುದಿಲ್ಲ.