ಮೇಷ್ಟ್ರ ಕೊಬ್ಬಿನ ಬಗ್ಗೆ ಒಂದು ತಕರಾರು

ಮಾನ್ಯ ತಳಿ ಸುಧಾರಣಾಧಿಕಾರಿಗಳೇ,

ನನ್ನ ಸೋದರತ್ತೆಯ ಟಗರಿನ ಬೀಜ ಒಡೆಸಬೇಕೆಂದು ತಾವು ಹೊರಡಿಸಿದ ಆದೇಶವನ್ನು ಓದಿ ಧನ್ಯನಾದೆ. ಕಾರಣ ಎರಡೇ ಪದ: ‘ಕೊಬ್ಬು ಜಾಸ್ತಿ’. ಈ ಅಪರಾಧಕ್ಕೆ ಈ ಶಿಕ್ಷೆ ಎಂಬ ನಿಯಮವನ್ನು ಕುರಿಕೊಟ್ಟಿಗೆ ದಾಟಿಸಿ ಸರ್ಕಾರಿ ಕಚೇರಿಗಳಿಗೂ ವಿಸ್ತರಿಸಿದರೆ ಎಷ್ಟು ಕುರ್ಚಿಗಳು ಬೆವರಿಯಾವು ಎಂದು ಯೋಚಿಸಿದ್ದೀರಾ? ಬೇಡ, ಯೋಚಿಸಬೇಡಿ. ಮಧ್ಯಾಹ್ನದ ನಿದ್ದೆ ಕೆಡುತ್ತದೆ.

ಟಗರಿನ ಹೆಸರು ಮೇಷ್ಟ್ರು. ಮೇಷವಾದ್ದರಿಂದ ಮೇಷ್ಟ್ರು, ಮೇಲಾಗಿ, ಎದುರಿಗೆ ಯಾರೇ ನಿಂತರೂ ತಪ್ಪು ಉತ್ತರ ಕೊಟ್ಟವರನ್ನು ನೋಡಿದಂತೆ ನೋಡುತ್ತಾರೆ. ಅವರ ತಂದೆ ಕಾಲವಾಗಿದ್ದಾರೆ, ಸಹೋದರರು ಊಟವಾಗಿದ್ದಾರೆ. ಅತ್ತೆ ಮದುವೆಯಾಗಿ ಬಂದಂದಿನಿಂದ ಆರಿಸಿ ಆರಿಸಿ ಬೆಳೆಸಿದ ಆ ವಂಶದಲ್ಲಿ ಉಳಿದಿರುವ ಗಂಡು ಇವರೊಬ್ಬರೇ. ಬರುವ ಗುರುವಾರ ತಮ್ಮ ಸಿಬ್ಬಂದಿಯ ಇಕ್ಕಳ ಕಚ್ಚಿತೆಂದರೆ ವಂಶಕ್ಕೆ ಮಂಗಳ.

ಇಷ್ಟಕ್ಕೆಲ್ಲ ಮೂಲ ವಿಜ್ಞಾನವೇ? ಅಲ್ಲ, ವ್ಯಾಕರಣ. ತಮ್ಮ ಇನ್‌ಸ್ಪೆಕ್ಟರು ಪರೀಕ್ಷೆಗೆ ಬಂದ ದಿನ ನಾನು ಕೊಟ್ಟಿಗೆಯ ಬಾಗಿಲಲ್ಲೇ ಇದ್ದೆ. ಅತ್ತೆ ಮೇಷ್ಟ್ರ ತಲೆಯನ್ನು ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದುಕೊಂಡು ನಿಂತಿದ್ದರು. ಇನ್‌ಸ್ಪೆಕ್ಟರು ಮೇಷ್ಟ್ರ ಬೆನ್ನಿನ ಮೇಲೆ ಕೊಬ್ಬು ಅಳೆಯುವ ಯಂತ್ರವೊತ್ತಿ, ಪರದೆಯಿಂದ ಕಣ್ಣು ಕೀಳದೆ ಹೇಳಿದರು:

“ಕೊಬ್ಬು ಜಾಸ್ತಿ ಇದೆ ಕಣಮ್ಮ.”

“ಯಾರಿಗೆ?”

“ಇವತ್ತು ನಿನ್ನೆದಲ್ಲ ಇದು. ವಂಶದಲ್ಲೇ ಬಂದಿರೋದು.”

“ಏನಂದೆ?”

“ಅಪ್ಪನ ಕಡೆಯಿಂದ್ಲೇ ಬಂದಿರ್ಬೇಕು. ಮೊದಲೇ ಇಳಿಸಿದ್ರೆ ಇಷ್ಟಾಗ್ತಿರ್ಲಿಲ್ಲ.”

“ನಮ್ಮಪ್ಪನ ಸುದ್ದಿಗೆ ಬರ್ತೀಯೇನೋ ಅಯೋಗ್ಯ!” ಎಂದು ಅತ್ತೆ ಎರಡೂ ಕೈ ಎತ್ತಿದರು. ಕೈ ಎತ್ತಿದ್ದರಿಂದ ಮೇಷ್ಟ್ರು ಬಿಡುಗಡೆಯಾದರು. ಆಮೇಲೆ ಇನ್‌ಸ್ಪೆಕ್ಟರು ಮೇವಿನ ತೊಟ್ಟಿಯೊಳಗೆ ಹೇಗೆ ಹೋದರೆಂಬುದು ಚರ್ಚಾಸ್ಪದ. ಅವರು ತಾನೇ ಹಾರಿದೆ ಎನ್ನುತ್ತಾರೆ, ಮೇಷ್ಟ್ರು ಏನನ್ನೂ ಹೇಳುತ್ತಿಲ್ಲ. ಆದೇಶ ಬಂದದ್ದು ಅದರ ಮರುದಿನವೇ. ಇಷ್ಟು ಚುರುಕಿನ ಇಲಾಖೆಯನ್ನು ನಾನು ಈ ಜನ್ಮದಲ್ಲಿ ಕಂಡಿರಲಿಲ್ಲ.

ಈಗ ವಿಜ್ಞಾನಕ್ಕೆ ಬರೋಣ. ಕೊಬ್ಬಿನಲ್ಲೂ ಜಾತಿಯುಂಟು, ಮಾನ್ಯರೇ. ಚರ್ಮದ ಕೆಳಗೆ ಕೂರುವುದು ಓವರ್‌ಕೋಟು; ತಮ್ಮ ಯಂತ್ರ ಅಳೆದದ್ದು ಅದನ್ನು. ಮಾಂಸದ ಎಳೆಗಳ ನಡುವೆ ಸಣ್ಣ ಬಿಳಿ ಗೆರೆಗಳಾಗಿ ಹರಡುವುದು ಇನ್ನೊಂದು. ಬೇಯುವಾಗ ಕರಗಿ ಮಾಂಸವನ್ನು ರಸವತ್ತಾಗಿಸುವುದು ಅದು. ಯಾವುದು ಎಷ್ಟು ಎಂಬುದನ್ನು ಬಹುಪಾಲು ವಂಶವಾಹಿಗಳು ನಿರ್ಧರಿಸುತ್ತವೆ. ಕೊಯ್ದ ಮೇಲೆ ಮಾಂಸವನ್ನು ಒಳಗಿಂದಲೇ ಸಡಿಲಿಸುವ ಕಿಣ್ವಗಳುಂಟು, ಅವುಗಳಿಗೆ ಅಡ್ಡಗಾಲು ಹಾಕುವ ವಸ್ತುವೂ ಉಂಟು. ಕೆಲವು ವಂಶಗಳಲ್ಲಿ ಈ ಅಡ್ಡಗಾಲು ಬಲು ಉದ್ದ. ಮೇವು, ವಯಸ್ಸು, ಕೊನೆಗಳಿಗೆಯ ಗಾಬರಿ, ಇವೂ ಲೆಕ್ಕಕ್ಕೆ ಬರುತ್ತವೆ, ಒಪ್ಪಿದೆ. ಆದರೆ ಹಿಂಭಾಗವನ್ನು ದುಂಡಗೆ ಉಬ್ಬಿಸಿ, ಸೊಂಟದ ಮಾಂಸವನ್ನು ಚಪ್ಪಲಿಯಂತಾಗಿಸುವ ವಂಶವಾಹಿಯೊಂದು ಕುರಿಗಳಲ್ಲಿದೆ ಎಂಬುದನ್ನಾದರೂ ತಾವು ಓದಿರಬೇಕಲ್ಲ? ತಮ್ಮ ಕಚೇರಿಯ ಗೋಡೆಯ ಮೇಲೆ ಚಿತ್ರವಾಗಿ ನಿಂತಿರುವ ಆ ‘ಆದರ್ಶ ಟಗರಿ’ನ ಹಿಂಭಾಗವನ್ನು ಒಮ್ಮೆ ತಿರುಗಿ ನೋಡಿ. ಹಿಂಭಾಗದ ಭಾರ ನೋಡಿ ಮರ್ಯಾದೆ ಕೊಡುವ ಪದ್ಧತಿ ಕುರ್ಚಿಗಳಿಗಿರಲಿ, ಕುರಿಗಳಿಗೇಕೆ?

ಊಹೆಯ ಮಾತಲ್ಲ ಇದು. ತಮ್ಮ ಇಲಾಖೆಯೇ ಹಂಚಿದ ಆದರ್ಶ ಟಗರಿನ ಮರಿ, ಮೇಷ್ಟ್ರ ಮರಿ, ಎರಡನ್ನೂ ಅತ್ತೆ ಒಂದೇ ಕೊಟ್ಟಿಗೆಯಲ್ಲಿ ಒಂದೇ ಮೇವು ಹಾಕಿ ಬೆಳೆಸಿದ್ದರು. ಕೊಯ್ದದ್ದೂ ಒಂದೇ ದಿನ. ಕಸಾಯಿಯವನು ಎರಡರ ಸೊಂಟದ ಮಾಂಸವನ್ನೇ ತಂದುಕೊಟ್ಟ. ಅಕ್ಕಪಕ್ಕದ ಒಲೆಗಳ ಮೇಲೆ ಎರಡು ಪಾತ್ರೆ ಬೆಂದವು. ತಮ್ಮ ಆದರ್ಶವನ್ನು ನಮ್ಮ ಮಾವ ಬಾಯಿಗಿಟ್ಟು ಅಗಿದರು, ಅಗಿದೇ ಅಗಿದರು. ಕಡೆಗೆ ಕಟ್ಟಿಸಿದ ಹಲ್ಲನ್ನು ಬಿಚ್ಚಿ ತಟ್ಟೆಯ ಪಕ್ಕದಲ್ಲಿಟ್ಟು, “ಹಲ್ಲೂ ಮಾಂಸವೂ ತಮ್ಮತಮ್ಮಲ್ಲೇ ಇತ್ಯರ್ಥ ಮಾಡ್ಕೊಳ್ಲಿ, ನನಗೆ ಆ ಪಾತ್ರೇದು ಬಡಿಸೇ” ಎಂದರು. ಮೇಷ್ಟ್ರ ಮರಿಯ ಮಾಂಸವನ್ನು ಅವರು ಹಲ್ಲಿಲ್ಲದೆಯೇ ಎರಡು ಸಲ ಬಡಿಸಿಕೊಂಡರು. ಇದಕ್ಕಿಂತ ಮೃದುವಾದ ಸಾಕ್ಷ್ಯವನ್ನು ನಾನೆಲ್ಲಿಂದ ತರಲಿ?

ಆದ್ದರಿಂದ ನನ್ನ ಬೇಡಿಕೆ: ಗುರುವಾರದ ಆದೇಶವನ್ನು ತಡೆಹಿಡಿಯಿರಿ. ಎರಡೂ ಟಗರುಗಳ ಮರಿಗಳ ಮಾಂಸವನ್ನು ಬೇಯಿಸಿ, ಕತ್ತರಿಸಿ, ಅಳೆದು, ಹಲ್ಲಿರುವ ಅಧಿಕಾರಿಯೊಬ್ಬರಿಂದ ತಿನ್ನಿಸಿ ತೀರ್ಮಾನಿಸಿರಿ. ಅತ್ತೆ ಕ್ಷಮೆ ಕೇಳಲೂ ಸಿದ್ಧ. “ಅಯೋಗ್ಯ ಅಂದಿದ್ದು ತಪ್ಪಾಯ್ತು ಅಂತ ಬರಿ. ತೊಟ್ಟಿಗೆ ಬಿದ್ದಿದ್ದಕ್ಕೆ ಮಾತ್ರ ನಾನಲ್ಲ, ಅದನ್ನ ಮೇಷ್ಟ್ರನ್ನೇ ಕೇಳ್ಬೇಕು” ಎಂದಿದ್ದಾರೆ. ಆ ಮನೆಯಲ್ಲಿ ಇದಕ್ಕಿಂತ ದೊಡ್ಡ ಶರಣಾಗತಿ ಹಿಂದೆ ನಡೆದಿಲ್ಲ.

ತಡೆಯಾಜ್ಞೆ ಬರದಿದ್ದರೆ? ಇಕ್ಕಳ ಹಿಡಿದು ತಮ್ಮವರು ಕೊಟ್ಟಿಗೆಗೆ ಹೋಗಬಹುದು, ಅಡ್ಡಿಯಿಲ್ಲ. ಅಲ್ಲಿ ಅತ್ತೆಯಿರುತ್ತಾರೆ; ಮೇಷ್ಟ್ರು ಇರುವುದಿಲ್ಲ. ಅವರು ನಿನ್ನೆ ಸಂಜೆಯಿಂದ ಬೇರೊಂದು ಕಡೆ ತಂಗಿದ್ದಾರೆ. ವಿಳಾಸವನ್ನು ನಾನು ಬಹಿರಂಗಪಡಿಸಲಾರೆ. ಈ ಪತ್ರದ ಒಂದು ಮೂಲೆ ಕಾಣೆಯಾಗಿರುವುದನ್ನು ತಾವು ಗಮನಿಸದಿದ್ದರೆ ಉಪಕಾರವಾದೀತು.

ಇಂತಿ,
ಬರೆಯುತ್ತಿರುವಾಗಲೇ ಭುಜದ ಹಿಂದಿನಿಂದ ತಿದ್ದಿಸಿಕೊಳ್ಳುತ್ತಿರುವ,
ಉಳಿದ ಕಾಗದವನ್ನು ತಲೆಯ ಮೇಲೆತ್ತಿ ಹಿಡಿದಿರುವ,
ಒಬ್ಬ ಸೋದರಳಿಯ